ಕೈಗೆ ನೀರು

ಸ್ಟೀರಿಂಗ್ ಹಿಡಿದು ಕೂತರೆ ಪಕ್ಕದ ಮನೆಯ ಆಂಟಿಯ ಗದ್ದ ಅದರ ಮೇಲಂಚಿಗೆ ತಾಗಿದಂತೆ ಕಾಣುತ್ತಿತ್ತು. ಕೆಳಗೆ ಎರಡು ದಿಂಬು, ಬೆನ್ನಿಗೆ ಒಂದು. ಎತ್ತಿ ಕಟ್ಟಿದ ಕಾಟನ್ ಸೀರೆ, ಕಾಲಿಗೆ ಓಟಗಾರರ ಶೂ. ಗಾಡಿ ಮಾತ್ರ ಗಾರೆ ಕೆಲಸದವರು ಓಡಿಸುವಂಥ ದೊಡ್ಡ ಬಿಳಿ ಯೂಟ್, ಹಿಂಬದಿಯಲ್ಲಿ ಸಾಮಾನು ತುಂಬುವ ತೆರೆದ ತೊಟ್ಟಿ. ಪರ್ತ್ ಹೊರವಲಯದ ಪಿಯಾರಾ ವಾಟರ್ಸ್‌ನ ನಮ್ಮ ಬೀದಿಯಲ್ಲಿ ಅದು ರಿವರ್ಸ್ ಬರುವಾಗ ಒಳಗೆ ಯಾರೂ ಇಲ್ಲವೆನಿಸುತ್ತಿತ್ತು. ಒಮ್ಮೆ ಬಂಕಿನಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳುತ್ತಿದ್ದಾಗ ಯಾರೋ ಒಬ್ಬ "ಇದು ನಿಮ್ಮ ಮಗನ ಗಾಡಿಯಾ?" ಎಂದು ಕೇಳಿದನಂತೆ. "ಇಲ್ಲಪ್ಪ, ನನ್ನ ಮಗ ಸ್ಕೂಟರ್ ಓಡಿಸ್ತಾನೆ ಅಂದೆ" ಎಂದು ಆಂಟಿ ನನಗೆ ವರದಿ ಒಪ್ಪಿಸಿದರು. ನಗಲಿಲ್ಲ. ಅವರು ತಮ್ಮ ಜೋಕಿಗೆ ತಾವು ನಗುತ್ತಿರಲಿಲ್ಲ.

ಅವರು ಮಕ್ಕಳ ಡಾಕ್ಟರು. ಮೈಸೂರಿನಲ್ಲಿ ಓದಿ, ಮದುವೆಯಾದ ಹೊಸದರಲ್ಲೇ ಜಾಂಬಿಯಾದ ರಾಜಧಾನಿ ಲುಸಾಕಾಕ್ಕೆ ಹೋಗಿ, ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೂದಲು ಬೆಳ್ಳಗಾಗುವವರೆಗೂ ಕೆಲಸ ಮಾಡಿದವರು. ಅಂಕಲ್ ಅದೇ ಊರಿನ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಮನೆಯಲ್ಲಿ ಆಂಟಿ ಅವರನ್ನು 'ಮೇಷ್ಟ್ರೇ' ಎನ್ನುತ್ತಿದ್ದರು, ಅವರು ಇವರನ್ನು 'ಡಾಕ್ಟ್ರೇ' ಎನ್ನುತ್ತಿದ್ದರು. ನಿವೃತ್ತಿಯ ನಂತರ ಮಗ ಪರ್ತ್‌ನಲ್ಲಿದ್ದನೆಂದು ಇಲ್ಲಿಗೆ ಬಂದರು. ಮಗ ಕೆಲಸದ ಮೇಲೆ ಬ್ರಿಸ್ಬೇನಿಗೆ ಹೋದ. ಇವರು ಹೋಗಲಿಲ್ಲ. "ಇನ್ನೆಷ್ಟು ಸಲ ಕಿತ್ತು ನೆಡ್ತೀಯಪ್ಪ ನಮ್ಮನ್ನ" ಎಂದರಂತೆ ಮಗನಿಗೆ.

ನಾನು ಬೆಂಗಳೂರಿನ ಪತ್ರಿಕೆಯೊಂದರ ಸುದ್ದಿಮನೆಯಲ್ಲಿದ್ದವನು. ಈಗ ಇಲ್ಲಿ ಮನೆಯಿಂದಲೇ ಬೇರೆಯವರು ಬರೆದ ಸುದ್ದಿ ತಿದ್ದುತ್ತೇನೆ. ಹಗಲೆಲ್ಲ ಮನೆಯಲ್ಲಿರುವ ಗಂಡಸು ಬೀದಿಯಲ್ಲಿ ನಾನೊಬ್ಬನೇ ಆದ್ದರಿಂದ ಅಂಕಲ್ ಬಾಗಿಲು ತೆರೆದುಕೊಂಡು ಹೊರಗೆ ಹೊರಟಾಗ ಕರೆದುಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು. ನಾವು ಪಕ್ಕದ ಮನೆಗೆ ಬರುವ ಹೊತ್ತಿಗೇ ಅವರ ನೆನಪು ಹೋಗತೊಡಗಿತ್ತು. ಮೊದಲು ಹೆಸರುಗಳು, ಆಮೇಲೆ ಮಾತು. ಕೊನೆಗೆ ಊಟ.

ಊಟ ಬಿಟ್ಟದ್ದೇ ದೊಡ್ಡ ಸಮಸ್ಯೆಯಾಯಿತು. ತಟ್ಟೆ ಇಟ್ಟರೆ ಅದರತ್ತ ನೋಡುತ್ತ ಕೂರುತ್ತಿದ್ದರು. ಬಾಯಿಗಿಟ್ಟರೆ ತುಟಿ ಬಿಗಿಯುತ್ತಿದ್ದರು. ತೂಕ ಹೀಗೇ ಇಳಿದರೆ ಮನೆಯಲ್ಲಿ ಇಟ್ಟುಕೊಳ್ಳುವುದು ಸಾಧ್ಯವಿಲ್ಲ ಎಂದು ಇಲ್ಲಿನ ವೈದ್ಯರು ಸ್ಪಷ್ಟವಾಗಿ ಹೇಳಿದರು. ಮಗ ಬ್ರಿಸ್ಬೇನಿನಲ್ಲಿ ವೃದ್ಧರ ಆರೈಕೆಯ ಹೋಮ್ ಒಂದನ್ನು ನೋಡಿಯೂ ಇಟ್ಟಿದ್ದ. ವಿಷಯ ಇಷ್ಟೇ: ಉಂಡರೆ ಮನೆ, ಉಣ್ಣದಿದ್ದರೆ ಹೋಮ್. ಆಂಟಿ ಇದನ್ನು ನನಗೆ ಹೇಳಿದ್ದು ಬಟ್ಟೆ ಒಣಹಾಕುತ್ತ, ಬೇಲಿಯ ಆಚೆಯಿಂದ. ಹೇಳಿ ಮುಗಿಸಿ, "ಆಯ್ತಲ್ಲ, ಮುಂದಿನದು ನೋಡೋಣ" ಎಂದರು.

ಅದು ಅವರ ಮಾತು. ವಾರ್ಡಿನಲ್ಲಿ ಮಗು ತೀರಿಕೊಂಡಾಗ ನರ್ಸುಗಳಿಗೆ ಹೇಳುತ್ತಿದ್ದ ಮಾತಂತೆ. ಪಕ್ಕದ ಹಾಸಿಗೆಯಲ್ಲಿ ಇನ್ನೊಂದು ಮಗು ಇರುತ್ತಿತ್ತು. ಅಳುವುದನ್ನು ಅಲ್ಲೇ ಎಲ್ಲೋ ಬಿಟ್ಟುಬಂದಿದ್ದರು.

ಮಗ ಬಂದಿದ್ದ ಒಂದು ಭಾನುವಾರ ಮಧ್ಯಾಹ್ನ ಆಂಟಿ ನನ್ನನ್ನೂ ಕರೆದರು. "ಬನ್ನಿ ಪೇಪರ್‌ನೋರೇ, ನದಿ ಹತ್ರ ಹೋಗಣ. ಮೇಷ್ಟ್ರಿಗೆ ನೀರು ಕಂಡ್ರೆ ಹಸಿವಾಗತ್ತೆ."

"ಅಮ್ಮಾ, ಅಲ್ಲಿ ಫಿಶ್ ಅಂಡ್ ಚಿಪ್ಸ್ ಬಿಟ್ಟು ಏನೂ ಇಲ್ಲ. ಅಪ್ಪ ವೆಜಿಟೇರಿಯನ್ನು" ಎಂದ ಮಗ.

"ನಿಮ್ಮಪ್ಪ ಮನೇಲಿ ವೆಜಿಟೇರಿಯನ್ನು. ನದಿ ದಡದಲ್ಲಿ ಆತ ಬೇರೇನೇ."

ಕ್ಯಾನಿಂಗ್ ನದಿಯ ದಡದಲ್ಲಿ ಅದೊಂದು ಸಾಧಾರಣ ತಿಂಡಿಯಂಗಡಿ. ಹೊರಗೆ ಪೇಪರ್‌ಬಾರ್ಕ್ ಮರಗಳ ಕೆಳಗೆ ಮೇಜುಗಳು. ನೀರಿನಲ್ಲಿ ಕಪ್ಪು ಹಂಸಗಳು, ನೆಲದಲ್ಲಿ ಚಿಪ್ಸಿಗೆ ಕಾದ ಸೀಗಲ್‌ಗಳು. ಮೀನು ಬಂತು. ಅಂಕಲ್ ಮುಟ್ಟಲಿಲ್ಲ. ಎರಡೂ ಕೈಗಳನ್ನು ಮೇಜಿನಿಂದಾಚೆಗೆ ಚಾಚಿ, ಅಂಗೈ ಮೇಲೆ ಮಾಡಿ ಹಿಡಿದರು. ಹಿಡಿದೇ ಇದ್ದರು.

ಮಗ "ಟ್ಯಾಬ್ಲೆಟ್ ಕೇಳ್ತಿದಾರೆ" ಎಂದು ಮಾತ್ರೆ ತೆಗೆದು ಅಂಗೈಗಿಟ್ಟ. ಅವರು ಅದನ್ನು ಮೇಜಿನ ಮೇಲೆ ಇಳಿಸಿ ಮತ್ತೆ ಕೈ ಒಡ್ಡಿದರು. ನನಗೆ ಮೈಸೂರಿನ ದೇವಸ್ಥಾನ ಹೊಳೆಯಿತು. ತೀರ್ಥಕ್ಕಿರಬೇಕು ಎಂದೆ. ಪಕ್ಕದ ಮೇಜಿನ ತಟ್ಟೆ ಎತ್ತಲು ಬಂದ ಹುಡುಗಿ "ಸಾಸ್ ಬೇಕಿತ್ತಾ, ಡಾರ್ಲ್?" ಎಂದು ಟೊಮೆಟೊ ಸಾಸಿನ ಎರಡು ಪ್ಯಾಕೆಟ್ ಅಂಗೈಗಿಟ್ಟು ಹೋದಳು. ಅವನ್ನೂ ಇಳಿಸಿದರು.

ಆಂಟಿ ಸ್ವಲ್ಪ ಹೊತ್ತು ಆ ಕೈಗಳನ್ನು ನೋಡಿದರು. ಎದ್ದು ಯೂಟಿನ ಹತ್ತಿರ ಹೋಗಿ, ಸ್ಕ್ರೂಡ್ರೈವರ್ ಇಡುವ ಐಸ್‌ಕ್ರೀಮ್ ಡಬ್ಬಿಯನ್ನು ಖಾಲಿ ಮಾಡಿ, ಕುಡಿಯುವ ನೀರಿನ ಬಾಟಲಿ ಹಿಡಿದು ಬಂದರು. ಡಬ್ಬಿಯನ್ನು ಗಂಡನ ಕೈಗಳ ಕೆಳಗಿಟ್ಟು ನಿಧಾನವಾಗಿ ನೀರು ಸುರಿದರು. ಅಂಕಲ್ ಬೆರಳ ಸಂದಿಗಳನ್ನೆಲ್ಲ ಉಜ್ಜಿ ತೊಳೆದುಕೊಂಡರು. ಕೈ ಒದರಿದರು. ತಲೆಯೆತ್ತಿ, "ಮೀನು ಬಂತಾ?" ಎಂದರು.

ಪೂರ್ತಿ ತಿಂದರು. ಮಗನ ತಟ್ಟೆಯದನ್ನೂ ತಿಂದರು.

ವಾಪಸ್ ಬರುವಾಗ ಆಂಟಿ ಲುಸಾಕಾದ ಭಾನುವಾರಗಳ ಬಗ್ಗೆ ಹೇಳಿದರು. ಊರಿನಿಂದ ದಕ್ಷಿಣಕ್ಕೆ ಲಾರಿಗಳು ಓಡಾಡುವ ಹೆದ್ದಾರಿ, ಇಕ್ಕೆಲಗಳಲ್ಲಿ ಮಾರಾಟಕ್ಕಿಟ್ಟ ಇದ್ದಿಲಿನ ಮೂಟೆಗಳು, ಕೊನೆಗೆ ಕಾಫುಯೆ ನದಿ. ದಡದಲ್ಲಿ ಹುಲ್ಲಿನ ಮಾಡು ಹೊದಿಸಿದ ಹೋಟೆಲುಗಳು, ಪ್ಲಾಸ್ಟಿಕ್ ಕುರ್ಚಿಗಳು. ಹೋದ ಕೂಡಲೇ ಹೇಳಿಬಿಡಬೇಕು, ಮೀನು ಆಮೇಲೆ ಯಾವಾಗಲೋ ಬರುತ್ತದೆ. ಅಲ್ಲಿಯವರೆಗೆ ಹಿಪ್ಪೊಗಳು ಮುಳುಗಿ ಏಳುವುದನ್ನು ನೋಡುತ್ತ ಕೂರುವುದು. ಶಾಸ್ತ್ರಬದ್ಧ ಮನೆಯ ಗಣಿತದ ಮೇಷ್ಟ್ರು ಮೊದಲ ವರ್ಷ ಬರೀ ನ್ಶಿಮಾ ಮತ್ತು ಸೊಪ್ಪು ತಿಂದರು. ನ್ಶಿಮಾ ಎಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಎರಡನೆಯ ವರ್ಷ ಮೀನಿನ ಸಾರಿಗೆ ಅದ್ದಿದರು. "ಮೂರನೇ ವರ್ಷ ನನ್ ತಟ್ಟೆ ಮುಳ್ಳನ್ನೂ ಬಿಡ್ಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ ಸಂಧ್ಯಾವಂದನೆ ಮಾಡೋರು. ಕೇಳಿದ್ರೆ, ಕಾಫುಯೆ ನಮ್ಮ ಪಂಚಾಂಗದಲ್ಲಿ ಇಲ್ಲ ಡಾಕ್ಟ್ರೇ, ಅದಕ್ಕೆ ನಿಯಮ ಇಲ್ಲ ಅನ್ನೋರು."

ಅಲ್ಲಿ ಕೈ ತೊಳೆಯಲು ಯಾರೂ ಎದ್ದು ಹೋಗುವುದಿಲ್ಲವಂತೆ. ಮಾಣಿ ಜಗ್ಗು ಮತ್ತು ಬೋಗುಣಿ ಹಿಡಿದು ಮೇಜಿಗೇ ಬರುತ್ತಾನೆ. ಒಬ್ಬೊಬ್ಬರ ಕೈಗೂ ನೀರು ಹಾಕುತ್ತಾನೆ. ಅದಾದ ಮೇಲೇ ಊಟ. ಇವರ ಮೇಜಿನಲ್ಲಿ ಮಾತ್ರ ಮೇಷ್ಟ್ರು ಮಾಣಿಯ ಕೈಯಿಂದ ಜಗ್ಗು ಇಸಿದುಕೊಂಡು ಹೆಂಡತಿಯ ಕೈಗೆ ತಾವೇ ನೀರು ಹಾಕುತ್ತಿದ್ದರು. ಮೊದಲು ಮಾಣಿಗಳು ನಕ್ಕರು. ಕ್ರಮೇಣ ಇವರು ಕೂತೊಡನೆ ಜಗ್ಗನ್ನು ಸೀದಾ ಮೇಷ್ಟ್ರ ಮುಂದೆ ಇಟ್ಟು ಹೋಗತೊಡಗಿದರು.

"ಯಾಕೆ ಹಾಗೆ?" ಎಂದು ಕೇಳಿದೆ.

ಆಂಟಿ ಗಾಡಿಯನ್ನು ರೌಂಡ್‌ಅಬೌಟ್ ದಾಟಿಸಿದರು. "ವಾರವೆಲ್ಲ ವಾರ್ಡಲ್ಲಿ ಏನೇನು ಹಿಡಿದ ಕೈಯೋ. ಎಷ್ಟು ತೊಳೆದ್ರೂ ಮರಗಟ್ಟಿದ ಹಾಗೇ ಇರೋದು. ಅವರು ನೀರು ಹಾಕಿದಾಗ ಕೈ ನಂದು ಅನ್ಸೋದು" ಎಂದರು. ಆಮೇಲೆ, "ಇದನ್ನ ಪೇಪರ್ನಲ್ಲಿ ಹಾಕ್ಬಿಟ್ಟೀರ!" ಎಂದರು.

ಮರುದಿನವೇ ಹಳೆಯ ಸಾಮಾನಿನ ಅಂಗಡಿಯಿಂದ ಒಂದು ಎನಾಮಲ್ ಜಗ್ಗು ಮತ್ತು ಬೋಗುಣಿ ತಂದರು. ಅಂಚಿನಲ್ಲಿ ನೀಲಿ ಪಟ್ಟಿ, ಅಲ್ಲಲ್ಲಿ ಬಣ್ಣ ಎದ್ದಿತ್ತು. ಮನೆಯಲ್ಲಿ ಪ್ರತಿ ಊಟಕ್ಕೂ ಅದರಲ್ಲೇ ನೀರು ಹಾಕಿದರು. ಅಂಕಲ್ ಮನೆಯಲ್ಲೂ ಉಣ್ಣತೊಡಗಿದರು, ಕೆಲವು ದಿನ ಕಡಿಮೆ, ಕೆಲವು ದಿನ ಸಾಕಷ್ಟು. ತೂಕ ನಿಂತಿತು. ಹೋಮಿನ ಮಾತೂ ನಿಂತಿತು. ಫೋನಿನಲ್ಲಿ ಮಗ ಮಾತ್ರ ಆಗಾಗ, "ಎಷ್ಟು ದಿನಾಂತ ಹೀಗೆ ನಾಟಕ ಆಡ್ತೀಯಮ್ಮ?" ಎನ್ನುತ್ತಿದ್ದ. "ನಾಟಕ ಅಲ್ವೋ, ಡ್ಯೂಟಿ" ಎನ್ನುತ್ತಿದ್ದರು.

ಭಾನುವಾರಗಳಲ್ಲಿ ನದಿ ತಪ್ಪಲಿಲ್ಲ. ನಾನೂ ಹೋಗುತ್ತಿದ್ದೆ. ಆಂಟಿ ಮೊದಲು ಗಂಡನ ಕೈಗೆ, ಬಳಿಕ ನನ್ನ ಕೈಗೆ ನೀರು ಹಾಕುತ್ತಿದ್ದರು. ಬೇಡವೆಂದರೆ, "ಸುದ್ದಿ ಮುಟ್ಟಿದ ಕೈ, ತೊಳೀರಿ" ಎನ್ನುತ್ತಿದ್ದರು. ತಮ್ಮ ಕೈಯನ್ನು ಮಾತ್ರ ಅಂಗಡಿಯ ನಲ್ಲಿಯಲ್ಲಿ ತೊಳೆದುಕೊಂಡು ಬರುತ್ತಿದ್ದರು. ನಾನು ಒಮ್ಮೆ ಜಗ್ಗು ಎತ್ತಿಕೊಂಡಾಗ ತಲೆಯಾಡಿಸಿ ಎದ್ದು ಹೋದರು. ಮತ್ತೆ ನಾನು ಎತ್ತಲಿಲ್ಲ.

ಚಳಿಗಾಲದ ಒಂದು ಗುರುವಾರ ಮಧ್ಯಾಹ್ನ ಆಂಟಿ ಅಡುಗೆಮನೆಯಲ್ಲಿ ಕುಸಿದು ತೀರಿಕೊಂಡರು. ಹೃದಯಾಘಾತ. ಬಾಗಿಲು ತೆರೆದಿತ್ತು, ಅಂಕಲ್ ಬೀದಿಯಲ್ಲಿ ನಿಂತಿದ್ದರು, ಅವರನ್ನು ಒಳಗೆ ಕರೆದೊಯ್ದಾಗ ನೋಡಿದೆ. ಆಂಬುಲೆನ್ಸಿಗೆ ಕರೆ ಮಾಡಿದೆ, ಮಗನಿಗೆ ಕರೆ ಮಾಡಿದೆ. ಸುದ್ದಿಮನೆಯಲ್ಲಿ ಕಲಿತಂತೆ ಯಾರು, ಎಲ್ಲಿ, ಯಾವಾಗ ಎಂದು ಅದೇ ಕ್ರಮದಲ್ಲಿ ಹೇಳಿದೆ. ಆ ದಿನಗಳ ಬಗ್ಗೆ ಬರೆಯಲು ನನ್ನಲ್ಲಿ ಇದಕ್ಕಿಂತ ಹೆಚ್ಚಿಲ್ಲ. ಅಂತ್ಯಕ್ರಿಯೆಯಲ್ಲಿ ಯಾರೂ ಜೋರಾಗಿ ಅಳಲಿಲ್ಲ. ಅಂಕಲ್ ಹೂವುಗಳನ್ನು ನೋಡುತ್ತಿದ್ದರು.

ಗುರುವಾರದಿಂದಲೇ ಅವರು ಊಟ ಬಿಟ್ಟಿದ್ದರು. ಮಗ ಜಗ್ಗು ಹಿಡಿದು ನೀರು ಹಾಕಲು ನೋಡಿದ. ಕೈಗಳು ಮಡಿಲಲ್ಲೇ ಉಳಿದವು. ಹಾಲು, ಜ್ಯೂಸು ಎಂದು ಎರಡು ಮೂರು ಗುಟುಕು, ಅಷ್ಟೇ. ಮಗ ಬ್ರಿಸ್ಬೇನಿನ ಹೋಮಿಗೆ ಫೋನ್ ಮಾಡಿ ಜಾಗ ಕಾದಿರಿಸಿದ. ಅವನದು ತಪ್ಪೆಂದು ನಾನು ಹೇಳಲಾರೆ.

ಹೊರಡುವ ಮುಂಚಿನ ಭಾನುವಾರ ಅವನೇ ಬಂದು, "ಸರ್, ಒಂದ್ಸಲ ನದಿ ಹತ್ರ ಹೋಗ್ಬರೋಣ್ವಾ?" ಎಂದ. ಯೂಟ್ ನಾನು ಓಡಿಸಿದೆ. ಸೀಟಿನ ದಿಂಬುಗಳನ್ನು ತೆಗೆದು ಹಿಂದೆ ಇಟ್ಟೆ.

ಅದೇ ಮೇಜು. ನಾವು ಮೂವರು, ಕುರ್ಚಿ ನಾಲ್ಕು. ಮೀನು ಬಂತು. ಮಗ ಬೋಗುಣಿಯನ್ನು ಅಪ್ಪನ ಮುಂದಿಟ್ಟು ಜಗ್ಗು ಎತ್ತಿದ. ಅಂಕಲ್ ಕೈ ಒಡ್ಡಲಿಲ್ಲ. ಜಗ್ಗನ್ನೇ ನೋಡುತ್ತಿದ್ದವರು ಅದರ ಹಿಡಿಗೆ ಕೈ ಹಾಕಿ ಮಗನಿಂದ ಇಸಿದುಕೊಂಡರು. ಎದ್ದು ನಿಂತರು. ಎಡಗೈಯಲ್ಲಿ ಬೋಗುಣಿ ಹಿಡಿದು, ಮೇಜನ್ನು ಸುತ್ತಿ, ಖಾಲಿ ಕುರ್ಚಿಯ ಪಕ್ಕಕ್ಕೆ ಹೋಗಿ ಜಗ್ಗನ್ನು ಸ್ವಲ್ಪ ಬಾಗಿಸಿದರು. ನೀರು ಬೀಳದಷ್ಟು.

"ಡಾಕ್ಟ್ರೇ, ಕೈ" ಎಂದರು.

ಕಾದರು. ಪಕ್ಕದ ಮೇಜಿನವರು ನಮ್ಮತ್ತ ನೋಡಿ ಮುಖ ತಿರುಗಿಸಿದರು. "ಅಪ್ಪಾ, ಅಮ್ಮ ಇಲ್ಲ" ಎಂದು ಮಗ ಹೇಳುತ್ತಾನೆಂದುಕೊಂಡೆ. ಬಂದಾಗಿನಿಂದ ಅದನ್ನೇ ಹೇಳುತ್ತಿದ್ದ. ಈಗ ಅವನು ಎದ್ದು, ತಾಯಿಯ ಕುರ್ಚಿಯಲ್ಲಿ ಕೂತು, ಅಂಗಿಯ ತೋಳು ಮೇಲಕ್ಕೆ ಸರಿಸಿ ಎರಡೂ ಕೈ ಒಡ್ಡಿದ.

ಅಂಕಲ್ ನೀರು ಹಾಕಿದರು. ಒಂದು ಹನಿಯೂ ಮೇಜಿನ ಮೇಲೆ ಬೀಳಲಿಲ್ಲ. ಆಮೇಲೆ ತಮ್ಮ ಜಾಗಕ್ಕೆ ಹೋಗಿ ಕೂತು ಅಂಗೈ ಮೇಲೆ ಮಾಡಿ ಹಿಡಿದರು. ಮಗನ ಕೈ ಒದ್ದೆಯಾಗಿತ್ತು, ಅವನು ಏಳಲಿಲ್ಲ. ಜಗ್ಗು ನಾನು ಎತ್ತಿದೆ.

"ಮೀನು ಬಂತಾ?" ಎಂದು ಕೇಳಿದರು.

"ಬಂತು ಮೇಷ್ಟ್ರೇ" ಎಂದೆ. ಉಂಡರು.

ಅವರು ಹೋಮಿಗೆ ಹೋಗಲಿಲ್ಲ. ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಮಗನ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಎಷ್ಟು ದಿನ ಎಂಬುದನ್ನು ಯಾರೂ ಹೇಳಲಾರರು. ಭಾನುವಾರ ಮಗ ಅವರನ್ನು ಬ್ರಿಸ್ಬೇನ್ ನದಿಯ ದಡಕ್ಕೆ ಕರೆದೊಯ್ಯುತ್ತಾನೆ. ಮಧ್ಯಾಹ್ನ ನನ್ನ ಫೋನಿಗೆ, ಪಕ್ಕದ ಮೇಜಿನವರಿಂದ ತೆಗೆಸಿದ ಒಂದು ಚಿತ್ರ ಬರುತ್ತದೆ. ಅದರಲ್ಲಿ ಜಗ್ಗು ಇರುತ್ತದೆ, ಅದನ್ನು ಹಿಡಿದ ಮುದಿ ಕೈ ಇರುತ್ತದೆ, ಕೆಳಗೆ ಒಡ್ಡಿದ ಎರಡು ಕೈಗಳಿರುತ್ತವೆ. ಮುಖಗಳಿರುವುದಿಲ್ಲ.

ಚಿತ್ರ ಬಂದ ಮೇಲೆ ನಾನು ಎದ್ದು ಕೈ ತೊಳೆದು ಊಟಕ್ಕೆ ಕೂರುತ್ತೇನೆ.