ಸೈಡು ಮುಗಿಯುವವರೆಗೆ

ಶ್ರೀಧರನನ್ನು ನೆನೆದರೆ ಮೊದಲು ಕಣ್ಮುಂದೆ ಬರುವುದು ತುಟಿಯ ಮೇಲೆ ನೆಟ್ಟಗೆ ನಿಂತ ಅವನ ತೋರುಬೆರಳು. ಟೋಕಿಯೋದ ನಿಶಿ ಕಸಾಯಿಯಲ್ಲಿ ನಮ್ಮ ಎದುರುಮನೆಯವನು, ಮೈಸೂರಿನವನು, ಆಫೀಸಿನಲ್ಲಿ ಭಾರಿ ವಿನಯವಂತ. ಮನೆಯಲ್ಲಿ ಮಾತ್ರ ರೆಕಾರ್ಡ್ ಪ್ಲೇಯರಿನ ಮುಳ್ಳು ಕೆಳಗಿಳಿಯಿತೆಂದರೆ ಯಾರೂ ಉಸಿರೆತ್ತುವಂತಿರಲಿಲ್ಲ.

ಟೋಕಿಯೋದಲ್ಲಿ ಹಾಡು ಕೇಳುವುದಕ್ಕೆಂದೇ ಇರುವ ಹಳೆಯ ಕಾಫಿ ಅಂಗಡಿಗಳಿವೆ. ಅಲ್ಲಿ ಯಾರಾದರೂ ಮಾತಾಡಿದರೆ ಮಾಲೀಕ ಬಂದು ಮೆಲ್ಲಗೆ "ಸುಮಿಮಾಸೆನ್", ಅಂದರೆ ಕ್ಷಮಿಸಿ, ಎನ್ನುತ್ತಾನೆ. ಶ್ರೀಧರ ಆ ನಿಯಮವನ್ನು ಮನೆಗೆ ಹೊತ್ತು ತಂದ, ಸುಮಿಮಾಸೆನ್ ಒಂದನ್ನು ಅಲ್ಲೇ ಬಿಟ್ಟು ಬಂದ. ಅವನ ನೆಚ್ಚಿನ ಆಲ್ಬಮ್ ಐಸ್‌ಲ್ಯಾಂಡಿನ ಬ್ಯಾಂಡೊಂದರದು. ಎರಡು ಪ್ಲೇಟು, ನಾಲ್ಕು ಸೈಡು. ಗಿಟಾರು ನಿಧಾನವಾಗಿ ಏಳುತ್ತ ಏಳುತ್ತ ಗೋಡೆ ಅದುರಿಸುತ್ತಿತ್ತು, ಅದರ ಮೇಲೊಂದು ಸಣ್ಣ ದನಿ ನರಳುತ್ತಿತ್ತು. ಒಂದಕ್ಷರವೂ ಅರ್ಥವಾಗದ ಆ ನರಳಾಟಕ್ಕೆ ಇವನ ಕಣ್ಣು ತುಂಬಿ ಬರುತ್ತಿತ್ತು. ಹೆಂಡತಿ ಸುಮಾ ಅಚ್ಚ ಕನ್ನಡದಲ್ಲಿ ತಲೆನೋವು ಎಂದರೆ ಮಾತ್ರ ಕೇಳಿಸುತ್ತಿರಲಿಲ್ಲ.

"ಲಿರಿಕ್ಸ್ ಯಾಕ್ರೀ ಬೇಕು ಉಷಾ ಅವರೇ? ಫೀಲ್ ಮಾಡೋಕೆ ಹೃದಯ ಇದ್ರೆ ಸಾಕು," ಎಂದು ನನಗೆ ಹೇಳುತ್ತಿದ್ದ. ಸುಮಾ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಆ ಆಲ್ಬಮ್ ಮನೆಗೆ ಬಂದ ದಿನವೇ ಅವಳಿಂದ ಒಂದು ತಪ್ಪಾಗಿತ್ತು. ಇಲ್ಲಿ ರೆಕಾರ್ಡಿನ ಕವರಿಗೆ ಸೊಂಟಪಟ್ಟಿಯ ಹಾಗೆ ಕಾಗದದ ಪಟ್ಟಿಯೊಂದನ್ನು ಸುತ್ತಿರುತ್ತಾರೆ, ಓಬಿ ಎನ್ನುತ್ತಾರೆ. ಸಂಗ್ರಹಿಸುವವರಿಗೆ ಅದು ಪ್ರಾಣ. ಸುಮಾ ಅದನ್ನು ಬೆಲೆಚೀಟಿ ಎಂದುಕೊಂಡು ಹರಿದು, ಈ ದೇಶದ ಶಿಸ್ತಿಗೆ ತಕ್ಕಂತೆ ಕಾಗದದ ಕಸಕ್ಕೇ ಬೇರ್ಪಡಿಸಿ ಹಾಕಿದಳು. ಅವನು ಕೂಗಾಡಲಿಲ್ಲ. ಎಷ್ಟೋ ದಿನ ಅವಳ ಜೊತೆ ಮಾತನ್ನೇ ಆಡಲಿಲ್ಲ, ಉಪ್ಪು ಬೇಕಾದರೂ ಕೈ ತೋರಿಸುತ್ತಿದ್ದ. "ಬೈದಿದ್ರೆ ವಾಸಿ ಇತ್ತು ಅಕ್ಕಾ," ಎಂದು ಲಿಫ್ಟಿನಲ್ಲಿ ನನ್ನೆದುರು ಅತ್ತಳು.

ಕೊರೋನಾ ಕಾಲದಲ್ಲಿ ತಂಗಿಯ ಬಾಣಂತನಕ್ಕೆಂದು ಬೆಂಗಳೂರಿಗೆ ಹೋದ ಸುಮಾ ಅಲ್ಲೇ ಸಿಕ್ಕಿಕೊಂಡಳು. ಜಪಾನ್ ಬಾಗಿಲು ಹಾಕಿತ್ತು. ಎರಡನೆಯ ಅಲೆಯಲ್ಲಿ ಅವಳಿಗೂ ಜ್ವರ ಬಂದು ಆಸ್ಪತ್ರೆ ಸೇರಿದಳು. ಆ ಸಂಜೆ ನಾನು ಸಾರು ಕೊಡಲು ಹೋದಾಗ, ಗಾಳಿಯಾಡಲೆಂದು ಅವನ ಬಾಗಿಲು ತೆರೆದೇ ಇತ್ತು. ಮೂರನೆಯ ಸೈಡು ಓಡುತ್ತಿತ್ತು. ಮೇಜಿನ ಮೇಲೆ ಫೋನು ಅದುರಿತು, ಸುಮಾಳ ಫೋಟೋ ಮೂಡಿತು.

"ಸುಮಾದು! ಎತ್ತ್ರೀ," ಎಂದೆ.

ತುಟಿಯ ಮೇಲೆ ಬೆರಳು ಬಂತು. ಇನ್ನೊಂದು ಕೈ ಫೋನನ್ನು ಬೋರಲು ಹಾಕಿತು. ಅದು ಬೋರಲಾಗಿಯೇ ಮತ್ತೆ ಮತ್ತೆ ಅದುರಿ ಸುಮ್ಮನಾಯಿತು. ಸೈಡು ಮುಗಿದ ಮೇಲೆ ಕಣ್ಣೊರೆಸಿಕೊಂಡು ಅವನು ಕರೆ ಮಾಡಿದಾಗ ನರ್ಸ್ ಎತ್ತಿದಳು. ಸುಮಾಳನ್ನು ಐಸಿಯುಗೆ ಕರೆದೊಯ್ದಿದ್ದರು.

"ಸ್ವಲ್ಪ ಲೇಟಾಯ್ತು ಅಷ್ಟೇ ಅಲ್ವಾ?" ಎಂದ ನನ್ನ ಕಡೆ ತಿರುಗಿ. ಸಾರಿನ ಪಾತ್ರೆಯನ್ನು ನಾನು ವಾಪಸ್ ತಂದುಬಿಟ್ಟೆ.

ಸುಮಾ ಬದುಕಿಕೊಂಡಳು. ಮಾತಾಡುವಷ್ಟು ತ್ರಾಣ ಬಂದಾಗ ನನಗೆ ಫೋನು ಮಾಡಿದಳು. "ಅವತ್ತು ಫೋನ್ ಮಾಡಿದಾಗ ಹೇಳೋಕೆ ಏನೂ ಇರ್ಲಿಲ್ಲ ಅಕ್ಕಾ. ಭಯ ಆಗಿತ್ತು, ಅವರ ವಾಯ್ಸ್ ಕೇಳ್ಬೇಕಿತ್ತು. ಏನ್ ಮಾಡ್ತಾ ಇದ್ರು ಅವರು?" ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ.

ಜಪಾನ್ ಬಾಗಿಲು ತೆರೆದ ಮೇಲೆ ಊರಲ್ಲಿ ಸಿಕ್ಕಿಕೊಂಡಿದ್ದವರೆಲ್ಲ ಮರಳಿದರು. ಸುಮಾ ಬರಲಿಲ್ಲ.

ನಾವು ಸಗಮಿಹಾರಾಕ್ಕೆ ಮನೆ ಬದಲಾಯಿಸುವ ದಿನ ಹೇಳಿಹೋಗಲೆಂದು ಅವನಲ್ಲಿಗೆ ಹೋದೆ. ಪ್ಲೇಯರಿಗೆ ಬಟ್ಟೆ ಹೊದಿಸಿದ್ದ. ಫೋನು ಸ್ಪೀಕರಿನಲ್ಲಿತ್ತು. ಸುಮಾ ಎತ್ತಿದಳು. ಹಿಂದೆ ಕುಕ್ಕರು ಕೂಗುತ್ತಿತ್ತು, ತಂಗಿಯ ಮಗು ಅಳುತ್ತಿತ್ತು.

"ಸುಮಾ, ಪ್ಲೀಸ್, ಎರಡೇ ನಿಮಿಷ..."

"ರೆಕಾರ್ಡ್ ಓಡ್ತಾ ಇದೆ," ಎಂದಳು ಸುಮಾ, ತುಂಬ ಮೆತ್ತಗೆ. "ಸೈಡ್ ಮುಗಿದ್ಮೇಲೆ ಮಾಡಿ."

ಫೋನು ಕಟ್ಟಾಯಿತು.

"ಅವಳ ಹತ್ರ ಪ್ಲೇಯರೇ ಇಲ್ಲ ಉಷಾ ಅವರೇ. ದಿನಾ ಇದನ್ನೇ ಹೇಳ್ತಾಳೆ. ಯಾವಾಗ ಮುಗಿಯತ್ತೆ ಅಂತ ನೀವಾದ್ರೂ ಒಂದ್ಸಲ ಕೇಳ್ತೀರಾ?"

ಕಣ್ಣು ತುಂಬಿಕೊಂಡಿದ್ದ. ಈ ಸಲ ಹಾಡಿರಲಿಲ್ಲ. ನಾನು ತುಟಿಯ ಮೇಲೆ ಬೆರಳಿಟ್ಟು ತೋರಿಸಿ, ಬಾಗಿಲೆಳೆದುಕೊಂಡು ಬಂದೆ.