ಹೊತ್ತು ಮುಳುಗಿದ ಮೇಲಿನ ಹನಿ

ಸಲಗರೆಯಿಂದ ಮಿರಜಿಗೆ, ಮಿರಜಿನಿಂದ ಸಲಗರೆಗೆ ಅಡ್ಡಾಡಿ ನನಗೆ ಸಾಕುಸಾಕಾಗಿದೆ. ಜೊತೆಗೆ ನಮ್ಮ ಅಕ್ಕ ಸಖುಬಾಯಿ, ಎಡಗಣ್ಣಿಗೆ ಸೆರಗು ಒತ್ತಿಕೊಂಡು. ಕಣ್ಣು ಕೆಂಪಾಗಿತ್ತು, ಬಿಸಿಲು ಬಿದ್ದರೆ ಸೂಜಿ ಚುಚ್ಚಿದ ಹಾಗೆ ಆಗುತ್ತಿತ್ತಂತೆ. ಬಲಗಣ್ಣು ಸಣ್ಣಂದಿನಿಂದಲೇ ಮಂದ.

ಆ ಎಡಗಣ್ಣಿಗೆ ನಮ್ಮ ಓಣಿಯಲ್ಲಿ ಮರ್ಯಾದೆ ಇತ್ತು. ನಮ್ಮ ಜೈನ ಮುನಿಗಳು ಊರಿಗೆ ಬಂದರೆ ಅವರ ಆಹಾರಕ್ಕೆ ಅಕ್ಕಿ ಹಸನು ಮಾಡುವವಳು ಅಕ್ಕನೇ. ಅವರು ಉಣ್ಣುವುದು ದಿನಕ್ಕೆ ಒಂದೇ ಹೊತ್ತು, ಅಂಗೈಯಲ್ಲಿ. ಒಂದು ಹುಳ ಕಂಡರೂ ಎದ್ದುಬಿಡುತ್ತಾರೆ, ಮರುದಿನದವರೆಗೆ ನೀರೂ ಇಲ್ಲ. ಅಕ್ಕ ಆರಿಸಿದ ಅಕ್ಕಿಯಿಂದ ಹಾಗೆ ಎಂದೂ ಆಗಿರಲಿಲ್ಲ. ಈ ಸಲ ಮುನಿಗಳ ಚಾತುರ್ಮಾಸ ನಮ್ಮೂರಲ್ಲೇ. ಅಷ್ಟರೊಳಗೆ ಕಣ್ಣು ನೆಟ್ಟಗಾಗಬೇಕು ಅನ್ನುವುದೊಂದೇ ಅವಳ ಜಪ.

ಮಿರಜಿನ ಕಣ್ಣಿನ ಡಾಕ್ಟರು, ಪ್ರಣಾಲಿ ಎಂಬವರು, ಮರಾಠಿಯಲ್ಲಿ ಬಿಡಿಸಿ ಹೇಳಿದರು. ಕಣ್ಣಿಗೆ ಮೂರು ಪದರ, ಉಳ್ಳಾಗಡ್ಡಿಯ ಹಾಗೆ. ಹೊರಗಿನದು ಬಿಳಿ, ಒಳಗಿನದು ಚಿತ್ರ ಹಿಡಿಯುವುದು, ನಡುವಿನದು ರಕ್ತನಾಳ ತುಂಬಿದ್ದು. ಪಾಪೆಯ ಸುತ್ತಲಿನ ಕಂದು ಬಳೆ ಆ ನಡುಪದರದ ಮುಂಭಾಗ. ಅದಕ್ಕೇ ಬಾವು ಬಂದಿದೆ. ಇಳಿಯದಿದ್ದರೆ ಬಳೆ ಹಿಂದಿನ ಮಸೂರಕ್ಕೆ ಅಂಟಿಕೊಂಡು ದೃಷ್ಟಿ ಹೋಗುತ್ತದೆ. ಎಚ್ಚರ ಇರುವಷ್ಟೂ ಹೊತ್ತು ತಾಸಿಗೊಂದು ಹನಿ, ಮಲಗುವಾಗ ಪಾಪೆ ಅಗಲಿಸುವ ಇನ್ನೊಂದು ಹನಿ, ತಪ್ಪಿಸಲೇಬಾರದು. ಅಕ್ಕ ಇದನ್ನೆಲ್ಲ ಎಷ್ಟು ಕೇಳಿಸಿಕೊಂಡಳೋ ಕಾಣೆ. ಉಳ್ಳಾಗಡ್ಡಿ ಎಂದಾಗಲೇ ಮುಖ ಸಿಂಡರಿಸಿದ್ದಳು. ನಮ್ಮ ಮನೆಯೊಳಗೆ ಅದು ಬರುವುದೇ ಇಲ್ಲ.

ಹಗಲೆಲ್ಲ ಹನಿ ಹಾಕಿದವನು ನಾನು. ಅಕ್ಕಿಯ ಮೊರ ಮುಂದಿಟ್ಟುಕೊಂಡೇ ಕೂರುತ್ತಿದ್ದಳು, ಬೈದರೂ ಕೇಳುತ್ತಿರಲಿಲ್ಲ. ಸಂಜೆ ಬಾಟಲಿ ಹಿಡಿದರೆ, ತಾನೇ ಹಾಕಿಕೊಳ್ಳುತ್ತೇನೆ, ನೀನು ಹೋಗಿ ಅಡ್ಡಾಗು ಅನ್ನುತ್ತಿದ್ದಳು. ನನಗೂ ದಣಿವಾಗಿರುತ್ತಿತ್ತು. ಹೋಗಿ ಅಡ್ಡಾಗುತ್ತಿದ್ದೆ.

ಮೂರನೆಯ ಸಲ ಹೋದಾಗ ಡಾಕ್ಟರು ದೀಪ ಹಿಡಿದು ನೋಡಿದರು. ಬಳೆ ಅಂಟಿಕೊಂಡಿತ್ತು, ಪಾಪೆ ದುಂಡಗೆ ಉಳಿದಿರಲಿಲ್ಲ. ಹನಿ ತಪ್ಪಿಸಿದಿರಾ ಎಂದು ಕೇಳಿದ್ದೇ ತಡ ನನಗೆ ಸಿಟ್ಟು ನೆತ್ತಿಗೇರಿತು. ಇಡೀ ದಿನ ಅದೇ ಕೆಲಸ ಮಾಡಿದ್ದೇನೆ ಎಂದು ಜೋರು ಮಾಡಿದೆ. ಅಕ್ಕ ನೆಲ ನೋಡುತ್ತ ಬಾಯಿಬಿಟ್ಟಳು.

"ಹೊತ್ತು ಮುಳುಗಿದ ಮ್ಯಾಲ ಹಾಕ್ಕೊಂಡಿಲ್ಲೋ ವೃಷಭ. ಹನಿ ಬಿಟ್ಟರ ಗಂಟಲದಾಗ ಕಹಿ ಇಳೀತೈತಿ. ನುಂಗಿದಂಗ ಆತಲ್ಲ, ನೇಮ ಮುರೀತಿತ್ತು."

ಸೂರ್ಯ ಮುಳುಗಿದ ಮೇಲೆ ನೀರನ್ನೂ ಮುಟ್ಟದ ನೇಮ ಅವಳದು, ಮದುವೆಗೂ ಮೊದಲಿನದು. ಅದು ನನಗೆ ಗೊತ್ತಿತ್ತು. ಕಣ್ಣಿನಿಂದ ಗಂಟಲಿಗೆ ದಾರಿ ಇದೆ ಎಂಬುದು ಗೊತ್ತಿರಲಿಲ್ಲ, ನಾನು ಕೇಳಲೂ ಇಲ್ಲ.

ಡಾಕ್ಟರು ಬೈಯಲಿಲ್ಲ. ಅಕ್ಕನ ಕಣ್ಣಿನ ಮೂಲೆಗೆ, ಮೂಗಿನ ಪಕ್ಕ, ಬೆರಳು ಒತ್ತಿ ತೋರಿಸಿದರು. ಹೀಗೆ ಎರಡು ನಿಮಿಷ ಹಿಡಿದರೆ ಔಷಧ ಗಂಟಲಿಗೆ ಇಳಿಯುವುದಿಲ್ಲ. ಇಷ್ಟೇ. ಅಂಟಿದ್ದು ಬಿಡುವ ಭರವಸೆ ಕೊಡಲಿಲ್ಲ, ಉಳಿದಷ್ಟನ್ನು ಕಾಪಾಡೋಣ ಎಂದರು.

ಆ ಸಂಜೆ ದೀಪ ಹಚ್ಚಿದ ಮೇಲೆ ನಾನೇ ಹನಿ ಬಿಟ್ಟು ಮೂಲೆ ಒತ್ತಿ ಹಿಡಿದೆ. ಕಹಿ ಬಂತೇ ಎಂದು ಕೇಳಿದೆ. ಇಲ್ಲ ಎಂದಳು. ನನಗೆ ನನ್ನ ಮೇಲೇ ಹೇಸಿಗೆ ಬಂತು.

"ಅಕ್ಕಿ ಮೊರ ಬಾಜೂ ಮನಿ ಆದಪ್ಪನ ಸೊಸಿ ಕಡೆ ಕೊಟ್ಟು ಬಾ," ಅಂದಳು ಅಕ್ಕ. "ಹುಳಾ ಯಾವುದು, ಅಕ್ಕಿ ಯಾವುದು, ನನಗ ತಿಳೀವಲ್ದು."