ಹೊಟ್ಟಿನ ಬೂದಿಯೊಳಗಿನ ಮೆಕ್ಕೆಜೋಳ

ಇದು ಹೋದ ವರ್ಷ ಸಂಕ್ರಾಂತಿ ಕಳೆದ ಮೇಲಿನ ಮಾತು. ಆಗ ನಾನು ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಮದುವೆಯಾಗಿ ಬಂದಾಗಿನಿಂದ ಅದೇ ಕೆಲಸ. ಒಲೆಯ ಬಾಯಿಗೆ ಭತ್ತದ ಹೊಟ್ಟು ಸುರಿಯುವುದು, ಕಬ್ಬಿಣದ ಸಲಾಕೆಯಿಂದ ಕೆದಕುವುದು, ಮತ್ತೆ ಸುರಿಯುವುದು. ಕೆದಕದಿದ್ದರೆ ಉರಿ ಸಾಯುತ್ತದೆ, ಮೇಲೆ ಬಾಣಲೆಯ ಮರಳು ಆರುತ್ತದೆ, ಮಂಡಕ್ಕಿ ಅರಳುವುದಿಲ್ಲ. ಸಂಜೆ ಬೂದಿ ಬಳಿದು ತಿಪ್ಪೆಗೆ ಚೆಲ್ಲಿದರೆ ಅವತ್ತಿನ ಕೆಲಸ ಮುಗೀತು. ನಾಲ್ಕನೇ ಕ್ಲಾಸಿಗೇ ಸಾಲೆ ಬಿಟ್ಟವಳು ಇವತ್ತು ಬರೆಯೋಕೆ ಕೂತಿದ್ದೀನಿ ಅಂದರೆ ಅದಕ್ಕೆ ನನ್ನ ಮೊಮ್ಮಗಳು ಚೈತ್ರಾನೇ ಕಾರಣ. ಹೇಳದಿದ್ದರೆ ನನಗೆ ಉಂಡದ್ದು ಅರಗಲ್ಲ!

ಚೈತ್ರಾ ಇಲ್ಲೇ ಕಾಲೇಜಿನಲ್ಲಿ ಮೆಟೀರಿಯಲ್ ಸೈನ್ಸ್ ಓದುತ್ತಾಳೆ. ಕಬ್ಬಿಣ, ಗಾಜು, ಮಣ್ಣು ಇವೆಲ್ಲ ಒಳಗೆ ಹೆಂಗಿರ್ತಾವೆ ಅಂತ ಹುಡುಕುವ ಓದು ಅದು. ಪ್ರಾಜೆಕ್ಟಿಗೆ ಅವಳು ಹೊಟ್ಟಿನ ಬೂದಿಯನ್ನೇ ಹಿಡಿದಳು. ಅದರೊಳಗೆ ಸಿಲಿಕಾ ಐತಂತೆ. ಸಿಲಿಕಾ ಅಂದರೆ ಗಾಜು ಮಾಡುವ ಮರಳಿನಲ್ಲಿರುವ ಸತ್ವ. ಅದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಫೋಟೋ ಹಿಡಿಯಬೇಕಿತ್ತು. ಬೆಳಕಿನ ಬದಲು ಎಲೆಕ್ಟ್ರಾನ್ ಕಿರಣ ಹಾಯಿಸಿ, ಕಣ್ಣಿಗೆ ಕಾಣದ್ದನ್ನು ಸಾವಿರಾರು ಪಟ್ಟು ದೊಡ್ಡದು ಮಾಡಿ ತೋರಿಸುವ ಮಿಷನ್ನು. ಅವರ ಕಾಲೇಜಿನಲ್ಲಿ ಅದು ಇರಲಿಲ್ಲ. ಬೇರೆ ಊರಿನ ಲ್ಯಾಬಿನಲ್ಲಿ ಪಾಳಿ ಹಚ್ಚಿ, ಕಾದು ಕಾದು, ಒಂದು ಶುಕ್ರವಾರ ಸಿಕ್ಕಿತ್ತು.

ಆ ವಾರದ ಸೋಮವಾರ ನಮ್ಮ ಯಜಮಾನರು ಜಳಕ ಮಾಡಿ ಹೊರಗೆ ಬಂದರು. ಹಣೆ, ಕುತ್ತಿಗೆ, ತೋಳು ಎಲ್ಲಾ ಕಡೆ ಬೆಳ್ಳಗೆ ಮಿರಿಮಿರಿ ಮಿಂಚುತ್ತಿತ್ತು.

"ಯಾವ ಮಠದ್ದವ್ವಾ ಈ ವಿಭೂತಿ? ಬೆಣ್ಣಿ ಇದ್ದಂಗೈತೆ," ಅಂದರು.

ಚೈತ್ರಾ ಚಾ ಲೋಟ ಕೆಳಗಿಟ್ಟಳು. "ಅಜ್ಜಾ, ದೇವರ ಮಾಡದಾಗಿನ ಡಬ್ಬೀದಾ?"

"ಹೂಂ ಮತ್ತೆ. ಉಳಿದದ್ದು ನೀರಾಗ ಕಲಸಿ, ಉಂಡಿ ಕಟ್ಟಿ ಒಣಗಾಕೀನಿ."

"ಅದು ನನ್ನ ಸ್ಯಾಂಪಲ್ಲು ಅಜ್ಜಾ!"

"ಸ್ಯಾಂಪಲ್ಲು ಅಂದ್ರೆ ಯಾವ ದೇವರದು?"

ಹುಡುಗಿ ಅಳೋಕೆ ಶುರುವಿಟ್ಟಳು. ಕಾಲೇಜಿನಲ್ಲಿ ಸುಟ್ಟು ತಂದ ಬೂದಿಯನ್ನು ಯಾರ ಕೈಗೂ ಸಿಗದಿರಲಿ ಅಂತ ಅವಳೇ ಮೇಲೆ ದೇವರ ಗೂಡಿನಲ್ಲಿ ಇಟ್ಟಿದ್ದಳು. ಆದರೆ ದೇವರ ಮಾಡದಲ್ಲಿ ಬಿಳೀ ಬೂದಿ ಕಂಡರೆ ನಮ್ಮಂಥ ಮನೆಯಲ್ಲಿ ಇನ್ನೇನು ಮಾಡ್ತಾರೆ? ಮತ್ತೆ ಸುಡೋಣ ಅಂದರೆ ಕಾಲೇಜಿನ ಫರ್ನೇಸು, ಅಂದರೆ ಕರೆಂಟಿನ ಒಲೆ, ರಿಪೇರಿಗೆ ಹೋಗಿತ್ತು. ಶುಕ್ರವಾರ ತಪ್ಪಿದರೆ ಪ್ರಾಜೆಕ್ಟು ನಿಂತು ಅವಳ ಒಂದು ವರ್ಷ ಹಾಳು.

"ಅಳಬ್ಯಾಡ," ಅಂದೆ. "ಬೂದಿ ಮಾಡೋದು ನಿಮ್ಮಜ್ಜಿ ಕಸುಬು."

"ಭಟ್ಟಿ ಬೂದಿ ನಡೆಯಲ್ಲ ಅಜ್ಜಿ. ಮರಳು, ಮಣ್ಣು, ಕಸ ಎಲ್ಲಾ ಸೇರಿರ್ತೈತೆ."

"ಹಂಗಾದ್ರೆ ಹೆಂಗೆ ಬೇಕು ಹೇಳು, ಹಂಗೇ ಮಾಡಾಣ. ಶುಕ್ರವಾರ ನೀನು ಹೋಗಾಕೇ ಬೇಕು."

ಅವತ್ತೇ ಹರಿಹರದ ಬಸ್ಸು ಹತ್ತಿ, ಅಲ್ಲಿಂದ ಕಡರನಾಯಕನಹಳ್ಳಿಗೆ, ನನ್ನ ತಮ್ಮನ ಮನೆಗೆ ಹೋದೆ. ಒಂದೇ ಜಾತಿಯ ಭತ್ತದ, ಏನೂ ಬೆರೆಯದ ಹೊಟ್ಟು ಒಂದು ಚೀಲ ತಂದೆ. ನೀರು ತಿಳಿಯಾಗುವ ತನಕ ತೊಳೆದೆವು. ಚೈತ್ರಾ ಅದನ್ನು ಲ್ಯಾಬಿಗೆ ಒಯ್ದು ಆಸಿಡ್‌ನಲ್ಲಿ ನೆನೆಸಿ, ಮತ್ತೆ ತೊಳೆದು, ಒಣಗಿಸಿ ತಂದಳು. ಬೇಡದ ಲವಣ ಹೋಗಲಿ ಅಂತ ಹಂಗೆ ಮಾಡ್ತಾರಂತೆ.

ಭಟ್ಟಿಯ ಮಾಲೀಕ ದಾದಾಪೀರಣ್ಣನನ್ನು ಒಂದು ಒಲೆ ಬಿಟ್ಟುಕೊಡು ಅಂತ ಕೇಳಿದೆ. ಅವನು ಬಿದ್ದು ಬಿದ್ದು ನಕ್ಕ. "ಏನಕ್ಕಾ, ಹೊಟ್ಟಿಗೆ ಜಳಕ ಮಾಡಿಸಿ ಸುಡ್ತೀಯಾ? ಸ್ವಲ್ಪ ಪೌಡರೂ ಹಚ್ಚು!" ನಕ್ಕರೂ ಕೊನೆಯ ಒಲೆ ಖಾಲಿ ಮಾಡಿಸಿ ಕೊಟ್ಟ.

ಹೊಸ ಮಣ್ಣಿನ ಅಗಲ ಪರಾತದಲ್ಲಿ ಹೊಟ್ಟು ತೆಳ್ಳಗೆ ಹರಡಿ, ಗಾಳಿಯಾಡುವಷ್ಟು ಸಂದಿ ಬಿಟ್ಟು ಮುಚ್ಚಿ, ಕೆಂಡದ ಮೇಲಿಟ್ಟೆವು. ಚೈತ್ರಾ ಹೇಳಿದ್ದು ಒಂದೇ ಮಾತು: "ಕೆದಕಬ್ಯಾಡ. ಒಲೆ ಬೂದಿ ಹಾರಿ ಇದರಾಗ ಬೀಳ್ತೈತೆ."

ನಾನು ಹೂಂ ಅಂದೆ. ಆದರೆ ನನ್ನ ಕೈ ಎಲ್ಲಿ ಕೇಳ್ತೈತೆ? ಉರಿ ಸ್ವಲ್ಪ ಕುಗ್ಗಿದರೆ ಸಾಕು, ಕೈ ತಾನಾಗಿ ಸಲಾಕೆಗೆ ಹೋಗುತ್ತಿತ್ತು.

"ಅಜ್ಜೀ, ಕೈ!"

"ನಾನೇನು ಮುಟ್ಟಿದ್ನಾ?"

"ಮುಟ್ಟಾಕ ಹೊಂಟಿದ್ದೆ."

ಕೊನೆಗೆ ಸಲಾಕೆ ದಾದಾಪೀರಣ್ಣನ ಕೈಗೆ ಕೊಟ್ಟು, ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ಕೂತೆ. ಹೊಟ್ಟು ಮೊದಲು ಕರ್ರಗಾಯಿತು, ಆಮೇಲೆ ಬೂದು ಬಣ್ಣಕ್ಕೆ ತಿರುಗಿತು. ಮರುದಿನ ಒಲೆ ಆರಿದ ಮೇಲೆ ಮುಚ್ಚಳ ತೆಗೆದರೆ, ನಮ್ಮವ್ವಾ! ಒಂದೊಂದು ಹೊಟ್ಟೂ ಇದ್ದ ಆಕಾರದಲ್ಲೇ ಬೆಳ್ಳಗೆ ಕೂತಿತ್ತು. ಉಸಿರು ಬಿಟ್ಟರೆ ಒಡೆಯುವಷ್ಟು ಹಗುರ. ಮೊದಲಿನ ಸಲ ಚೈತ್ರಾ ಅದನ್ನು ನುಣ್ಣಗೆ ಅರೆದಿದ್ದಳು. ಈ ಸಲ ಅರೆಯೋಕೆ ಹೊತ್ತಿರಲಿಲ್ಲ. ಹಂಗೇ ಡಬ್ಬಿಗೆ ಹಾಕಿ, ರೈಲು ಹತ್ತಿದೆವು. ದಾರಿಯುದ್ದಕ್ಕೂ ಡಬ್ಬಿ ನನ್ನ ತೊಡೆಯ ಮೇಲೆ, ಹಸುಗೂಸಿನ ಹಾಗೆ.

ಲ್ಯಾಬಿನಲ್ಲಿ ಬೂದಿಗೆ ಮೊದಲು ಚಿನ್ನದ ತೆಳು ಲೇಪ ಕೊಟ್ಟರು. ಹಂಗೆ ಮಾಡಿದರೇ ಚಿತ್ರ ಸ್ಪಷ್ಟ ಬರುವುದಂತೆ. ಯಜಮಾನರಿಗೆ ಫೋನ್ ಮಾಡಿ ಹೇಳಿದೆ. "ನಿನಗೆ ಸಿಗದ ಚಿನ್ನ ಬೂದಿಗೆ ಸಿಕ್ತಲ್ಲೇ!" ಅಂದರು.

ಆಮೇಲೆ ಪರದೆಯ ಮೇಲೆ ಕಂಡದ್ದನ್ನು ಹೆಂಗೆ ಹೇಳಲಿ! ಮೆಕ್ಕೆಜೋಳದ ತೆನೆ ಸಿಪ್ಪೆ ಸುಲಿದಿಟ್ಟ ಹಾಗೆ, ಸಾಲಿಗೆ ಸಾಲು ಉಬ್ಬು ಕಾಳು. ಎರಡು ಸಾಲಿನ ನಡುವೆ ನೇಗಿಲು ಹೊಡೆದಂಥ ಗೆರೆ. ಒಂದೊಂದು ಕಾಳಿನ ತುದಿಗೂ ಸಣ್ಣ ಮೊನೆ. ಹೊಟ್ಟಿನ ಒಳಮೈ ಬೇರೆ, ಮಡಿಚಿಟ್ಟ ರೇಷ್ಮೆಯ ಹಾಗೆ ನುಣುಪು. ಬಣ್ಣ ಒಂದೂ ಇಲ್ಲ, ಬರೀ ಕಪ್ಪು ಬಿಳುಪು, ಆದರೂ ಕಣ್ಣು ಕೀಳೋಕೆ ಆಗಲಿಲ್ಲ. ಮಿಷನ್ನು ನಡೆಸುವ ಮೇಡಂ, "ಅರೆದಿದ್ದರೆ ಈ ಸಾಲುಗಳೆಲ್ಲ ಒಡೆದು ಹೋಗ್ತಿದ್ವು ಅಮ್ಮಾ," ಅಂದರು. ಚೈತ್ರಾ ನನ್ನ ಕೈ ಹಿಡಿದುಕೊಂಡಳು. ನಾನು ಜೋರಾಗಿ ಅತ್ತುಬಿಟ್ಟೆ, ನಾಚಿಕೆ ಇಲ್ಲದೆ.

ಪ್ರಾಜೆಕ್ಟು ಪಾಸಾಯಿತು. ಆ ಚಿತ್ರವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ಕಾಲೇಜಿನ ಗೋಡೆಗೆ ಹಾಕಿದ್ದಾರೆ. ನಾನು ಹೋಗಿ ನೋಡಿ ಬಂದೆ, ಎರಡು ಸಲ. ಬೇಕಂದ್ರೆ ಮತ್ತೂ ಹೋಗ್ತೀನಿ.

ಮದುವೆಯಾದಾಗಿನಿಂದ ಬೆಂಕಿಯ ಮುಂದೆ ಕೂತವಳು ನಾನು. ಉರಿ ಎಬ್ಬಿಸೋದು ಅರ್ಧ ಕೆಲಸ, ಕೈ ಕಟ್ಟಿ ಕೂತು ಕಾಯೋದು ಇನ್ನರ್ಧ. ಮೊದಲನೇ ಅರ್ಧ ನಮ್ಮತ್ತೆ ಕಲಿಸಿದ್ದರು. ಎರಡನೇದನ್ನು ಕಲಿಸಿದವಳು ನಮ್ಮ ಚೈತ್ರಾ.